ಪ್ರೈಕೆಸ್ಟೂಲೆನ್ ಚಾರಣ: ನಾಲ್ಕು ಜನ, ಒಂದು ವಾರಾಂತ್ಯ, ಹಿಡಿತದ ಖರ್ಚು

ನಾರ್ವೆಯಲ್ಲಿ ಬೆಟ್ಟ ಹತ್ತಲು ದುಡ್ಡು ಕೊಡಬೇಕಿಲ್ಲ. ಪ್ರವೇಶ ಶುಲ್ಕ ಇಲ್ಲ, ಪರ್ಮಿಟ್ ಇಲ್ಲ, ಗೈಡ್ ಕಡ್ಡಾಯವಲ್ಲ. ಜೇಬು ಖಾಲಿಯಾಗುವುದು ಹಾಸಿಗೆ, ಊಟ, ಓಡಾಟಗಳಲ್ಲಿ. ಈ ಮೂರನ್ನೂ ಹೊರಡುವ ಮೊದಲೇ ಬಗೆಹರಿಸಿಕೊಂಡರೆ, ಯುರೋಪಿನಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇರುವ ನಾಲ್ವರು ಗೆಳೆಯರು ಒಂದೇ ವಾರಾಂತ್ಯದಲ್ಲಿ ಪ್ರೈಕೆಸ್ಟೂಲೆನ್ ಹತ್ತಿಳಿದು ಬರಬಹುದು. ಲೀಸೆಫ್ಯೋರ್ಡ್ ಎಂಬ ಕಡಲ ಕೊಲ್ಲಿಯ ನೀರಿನಿಂದ 604 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಬಂಡೆ ಅದು. ನೆತ್ತಿಯಲ್ಲಿ ಸುಮಾರು 25 ಮೀಟರ್ ಉದ್ದ, ಅಷ್ಟೇ ಅಗಲದ ಸಮತಟ್ಟು ಜಾಗ. ಅಂಚಿಗೆ ಬೇಲಿ ಇಲ್ಲ.

ಸೇರಬೇಕಾದ ಊರು ಸ್ಟಾವಾಂಗರ್. ಆಮ್‌ಸ್ಟರ್‌ಡ್ಯಾಮ್, ಕೋಪನ್‌ಹೇಗನ್‌ನಿಂದ ನೇರ ವಿಮಾನಗಳಿವೆ. ಓಸ್ಲೋದಲ್ಲಿ ಇರುವವರಿಗೆ ಶುಕ್ರವಾರ ರಾತ್ರಿಯ ರೈಲೇ ಒಳ್ಳೆಯದು: ಸುಮಾರು ಎಂಟು ಗಂಟೆಯ ಪ್ರಯಾಣ, ಬೆಳಿಗ್ಗೆ ಊರ ನಡುವೆಯೇ ಇಳಿಯುತ್ತೀರಿ, ಒಂದು ರಾತ್ರಿಯ ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ. ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟವಾದ ಷೆಂಗನ್‌ನಲ್ಲಿದೆ. ಜರ್ಮನಿ, ಸ್ವೀಡನ್ ಮುಂತಾದ ಷೆಂಗನ್ ದೇಶಗಳ ರೆಸಿಡೆನ್ಸ್ ಕಾರ್ಡ್ ಇದ್ದವರಿಗೆ ಬೇರೆ ವೀಸಾ ಬೇಡ. ಕಾರ್ಡ್ ಜೊತೆ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಿ.

ಸ್ಟಾವಾಂಗರ್‌ನಿಂದ ಬೆಟ್ಟದ ಬುಡಕ್ಕೆ ಹೋಗಲು ಹಿಂದೆ ಫೆರಿ ಹಿಡಿಯಬೇಕಿತ್ತು. 2019ರ ಕೊನೆಯಲ್ಲಿ ಸಮುದ್ರದ ಅಡಿಯ ರಿಫಿಲ್ಕೆ ಸುರಂಗ ತೆರೆಯಿತು, 14 ಕಿಲೋಮೀಟರ್‌ಗೂ ಉದ್ದ. ಈಗ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯೊಳಗಿನ ದಾರಿ. ನಾಲ್ವರಿದ್ದೀರಿ, ಬಾಡಿಗೆ ಕಾರೇ ಅಗ್ಗ ಅನ್ನಿಸಬಹುದು. ಲೆಕ್ಕ ಹಾಕುವಾಗ ಸುರಂಗದ ಟೋಲ್ ಮತ್ತು ಬುಡದ ಪಾರ್ಕಿಂಗ್ ಎರಡನ್ನೂ ಸೇರಿಸಿ. ಟೋಲ್ ಗೇಟ್ ಎಲ್ಲೂ ಕಾಣುವುದಿಲ್ಲ; ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಹಣ ಆಮೇಲೆ ಬಾಡಿಗೆ ಬಿಲ್ಲಿಗೆ ಸೇರುತ್ತದೆ. ಇಷ್ಟನ್ನೂ ಕೂಡಿಸಿದ ಮೇಲೆ ಒಂದೇ ಬೆಟ್ಟಕ್ಕೆ ಹೋಗುವವರಿಗೆ ಬಸ್ಸೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ. ತಪ್ಪಿದರೆ ಟ್ಯಾಕ್ಸಿಗೆ ಕೊಡುವ ಹಣ ಇಡೀ ಪ್ರವಾಸದ ಉಳಿತಾಯವನ್ನು ನುಂಗುತ್ತದೆ.

ದಿನಸಿ ಖರೀದಿ ಶನಿವಾರ ಬೆಳಿಗ್ಗೆಯೇ ಮುಗಿಯಬೇಕು. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ತೆರೆದಿರುವ ಸಣ್ಣ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಬೆಲೆ ಜಾಸ್ತಿ. ಸೂಪರ್‌ಮಾರ್ಕೆಟ್‌ಗಳಲ್ಲಿ ರೆಮಾ 1000, ಕಿವಿ (Kiwi), ಕೂಪ್ ಎಕ್ಸ್‌ಟ್ರಾ ಅಗ್ಗದವು. ಬ್ರೆಡ್, ಹಣ್ಣು, ಬೀಜಗಳನ್ನು ಅಲ್ಲಿ ಕೊಂಡು, ಉಳಿದದ್ದನ್ನು ಮನೆಯಿಂದ ಒಯ್ಯಿರಿ. ತೆಳು ಅವಲಕ್ಕಿ ತಲೆಗೆ 80ರಿಂದ 100 ಗ್ರಾಂ ಒಂದು ಹೊತ್ತಿಗೆ ಸಾಕು. ಹುರಿದ ರವೆಗೆ ಒಗ್ಗರಣೆಯನ್ನೂ ಸೇರಿಸಿ ಪೊಟ್ಟಣ ಕಟ್ಟಿಕೊಂಡರೆ 70 ಗ್ರಾಂಗೆ ಕಾಲು ಲೀಟರ್ ಬಿಸಿನೀರು ಹಾಕಿ ಮುಚ್ಚಿಟ್ಟಾಗ ಉಪ್ಪಿಟ್ಟು ತಯಾರು. ಭಾರತದಿಂದ ನೇರವಾಗಿ ಬರುವವರು ತುಪ್ಪ, ಪೇಡ ತರಬೇಡಿ. ಯುರೋಪಿನ ಆಚೆಯಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದಕ್ಕೆ ನಿಷೇಧವಿದೆ. ಚಟ್ನಿಪುಡಿಗೆ ಆ ಕಾಟವಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲ್ ನೀರಿಗೆ ದುಡ್ಡು ಸುರಿಯಬೇಡಿ.

ಸ್ಟೌವಿನ ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ತಿರುಪಿನ ವಾಲ್ವ್ ಇರುವ 230 ಗ್ರಾಂ ಕ್ಯಾನಿಸ್ಟರನ್ನು ಸ್ಟಾವಾಂಗರ್‌ನಲ್ಲೇ ಕೊಳ್ಳಿ. ಒಂದು ಲೀಟರ್ ಕುದಿಸಲು ಸುಮಾರು 15 ಗ್ರಾಂ ಹಿಡಿಯಿರಿ. ನಾಲ್ವರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ ಎರಡು ದಿನಕ್ಕೆ 120 ಗ್ರಾಂ. ಗಾಳಿಯಲ್ಲಿ ಇನ್ನಷ್ಟು ಉರಿದರೂ ಒಂದೇ ಸಾಕು. ಟೆಂಟಿನ ಗೂಟ, ವಾಕಿಂಗ್ ಪೋಲ್, ಚಾಕುಗಳನ್ನು ಸೆಕ್ಯುರಿಟಿಯಲ್ಲಿ ತಡೆಯುತ್ತಾರೆ. ನಾಲ್ವರ ಸಾಮಾನನ್ನೂ ಸೇರಿಸಿ ಒಂದೇ ಚೆಕ್-ಇನ್ ಬ್ಯಾಗ್ ಮಾಡಿ, ಶುಲ್ಕ ಹಂಚಿಕೊಳ್ಳಿ.

ದಾರಿ ಹೋಗಿ ಬರಲು 8 ಕಿಲೋಮೀಟರ್, ಬರಿಗೈಯಲ್ಲಿ ನಾಲ್ಕು ಗಂಟೆ. ಟೆಂಟ್ ಹೊತ್ತರೆ ಹತ್ತುವುದಕ್ಕೇ ಮೂರು ಗಂಟೆ ಇಟ್ಟುಕೊಳ್ಳಿ. ಕುಮಾರಪರ್ವತ ಹತ್ತಿದವರಿಗೆ ಈ ದೂರ ಏನೂ ಅಲ್ಲ. ಆದರೆ ಇದು ಒಂದೇ ಏರಲ್ಲ, ಏರಿ ಇಳಿದು ಮತ್ತೆ ಏರುವ ದಾರಿ. ಮೊದಲು ಒಂದು ಕಡಿದಾದ ಏರು, ಆಮೇಲೆ ಜೌಗಿನ ಮೇಲೆ ಹಲಗೆ ಹಾಸಿದ ಹಾದಿ. ಅದು ಮುಗಿದೊಡನೆ ನೆವರ್‌ಡಾಲ್ಸ್‌ಸ್ಕಾರೆಟ್ ಕಣಿವೆಗೆ ಹತ್ತುವ ಕಲ್ಲಿನ ಮೆಟ್ಟಿಲು, ನೇಪಾಳದ ಶೆರ್ಪಾಗಳು ಜೋಡಿಸಿದ್ದು. ಇಡೀ ದಾರಿಯಲ್ಲಿ ಉಸಿರು ಹಿಡಿಯುವುದು ಇಲ್ಲೇ. ಒದ್ದೆಯಾದಾಗ ಈ ಕಲ್ಲುಗಳು ಜಾರುತ್ತವೆ, ಅದೂ ಇಳಿಯುವಾಗ, ಕಾಲು ದಣಿದ ಮೇಲೆ. ಆಮೇಲೆ ಚೋಡ್ನಾನೆ ಎಂಬ ಪುಟ್ಟ ಕೊಳಗಳು, ಬೋಳು ಬಂಡೆ, ಕೊನೆಗೆ ಪ್ರಪಾತದ ಅಂಚಿನಲ್ಲೇ ಸಾಗುವ ದಾರಿ. ಶೌಚಾಲಯ ಬುಡದಲ್ಲಿದೆ, ದಾರಿಯಲ್ಲಿ ಇಲ್ಲ.

ಬೇಸಿಗೆಯಲ್ಲಿ ಹಗಲು ಹನ್ನೊಂದರಿಂದ ಮೂರರವರೆಗೆ ಜಾತ್ರೆಯ ಜನ. ಶನಿವಾರ ನಾಲ್ಕು ಗಂಟೆಯ ಮೇಲೆ ಹತ್ತಲು ಶುರುಮಾಡಿ. ಜೂನ್ ಕೊನೆಯಲ್ಲಿ ರಾತ್ರಿ ಹತ್ತೂವರೆ ದಾಟಿದರೂ ಬೆಳಕಿರುತ್ತದೆ. ಕೊಳಗಳ ಸುತ್ತಮುತ್ತ ರಾತ್ರಿ ಕಳೆದು, ಬೆಳಿಗ್ಗೆ ಆರಕ್ಕೆ ಬಂಡೆ ತಲುಪಿದರೆ ಆ ಮೌನ ನಿಮ್ಮದೇ. ನಾರ್ವೆಯ ಕಾನೂನು ಹೊಲ ತೋಟಗಳ ಆಚೆಯ ಬಯಲಿನಲ್ಲಿ, ಮನೆಗಳಿಂದ ಕನಿಷ್ಠ 150 ಮೀಟರ್ ದೂರದಲ್ಲಿ ಟೆಂಟ್ ಹಾಕಲು ಎಲ್ಲರಿಗೂ ಹಕ್ಕು ಕೊಟ್ಟಿದೆ. ಬುಡದ ಫಲಕದಲ್ಲಿ ಸ್ಥಳೀಯ ಸೂಚನೆ ಏನಾದರೂ ಇದೆಯೇ ಎಂದು ಓದಿಕೊಂಡೇ ಹೊರಡಿ. ಪ್ರೈಕೆಸ್ಟೂಲೆನ್ ಬಂಡೆಯ ಮೇಲೆಯೇ ಟೆಂಟ್ ಬೇಡ: ಗಾಳಿ ಅಪಾಯ, ಅರೆನಿದ್ದೆಯಲ್ಲಿ ಎದ್ದು ಅಂಚಿನ ಕಡೆ ನಡೆಯುವುದು ಇನ್ನೂ ಅಪಾಯ. ಕಲ್ಲುನೆಲದಲ್ಲಿ ಗೂಟ ಇಳಿಯುವುದಿಲ್ಲ. ಐದಾರು ಮೀಟರ್ ಹೆಚ್ಚುವರಿ ಹಗ್ಗ ಒಯ್ದು ದಪ್ಪ ಕಲ್ಲಿಗೆ ಕಟ್ಟಿ, ಬೆಳಿಗ್ಗೆ ಕಲ್ಲನ್ನು ಇದ್ದಲ್ಲೇ ಇಡಿ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಸ್ಟೌವನ್ನೂ ಬೋಳು ಬಂಡೆಯ ಮೇಲಿಟ್ಟೇ ಹಚ್ಚಿ.

ಚಾರಣ ಕೆಡುವುದು ಹೆಚ್ಚಾಗಿ ಬಟ್ಟೆಯಿಂದ. ಮಲೆನಾಡಿನ ಮಳೆಯಲ್ಲಿ ನೆನೆದರೆ ನಡೆಯುತ್ತದೆ. ಇಲ್ಲಿ ಜುಲೈನಲ್ಲೂ ಮಳೆ ಗಾಳಿ ಸೇರಿದಾಗ ಹತ್ತು ಡಿಗ್ರಿಗೂ ಕೆಳಗಿನ ಚಳಿ ಅನ್ನಿಸುತ್ತದೆ. ಜೀನ್ಸ್, ಹತ್ತಿಯ ಟೀ-ಶರ್ಟ್ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖವನ್ನು ಎಳೆದುಕೊಳ್ಳುತ್ತವೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಜಲನಿರೋಧಕ ಜಾಕೆಟ್, ಹಿಡಿತವಿರುವ ಶೂ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಸಾಕ್ಸ್. ಉಳಿತಾಯ ಎಲ್ಲಿ ಬೇಕಾದರೂ ಮಾಡಿ, ಈ ಸಾಲಿನಲ್ಲಿ ಬೇಡ. ಜಿಗಣೆ ಇಲ್ಲ, ಆದರೆ ಉಣುಗು ಇದೆ, ಅದು ಲೈಮ್ ಕಾಯಿಲೆ ಹರಡಬಲ್ಲದು. ಸಂಜೆ ಮೊಣಕಾಲಿನ ಹಿಂಭಾಗ, ಸೊಂಟ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

ಹೊರಡುವ ಹಿಂದಿನ ರಾತ್ರಿ Yr ಎಂಬ ಹವಾಮಾನ ಆ್ಯಪ್‌ನಲ್ಲಿ ಗಾಳಿಯ ವೇಗ ನೋಡಿ. ಸೆಕೆಂಡಿಗೆ 10 ಮೀಟರ್ ಮೀರುವಂತಿದ್ದರೆ ಟೆಂಟಿನ ಯೋಚನೆ ಬಿಟ್ಟು ಹಾಸ್ಟೆಲ್ ಹಿಡಿಯಿರಿ, ಅದಕ್ಕೆಂದೇ ಸ್ವಲ್ಪ ಹಣ ಪಕ್ಕಕ್ಕಿಟ್ಟಿರಿ. ನಾರ್ವೆಯವರ ಬೆಟ್ಟದ ನಿಯಮಗಳಲ್ಲೇ ಇದೆ, ತಿರುಗಿ ಹೋಗುವುದರಲ್ಲಿ ನಾಚಿಕೆಯಿಲ್ಲ ಎಂದು. ವೈದ್ಯಕೀಯ ತುರ್ತಿಗೆ 113, ಪೊಲೀಸರಿಗೆ 112.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಬಹುದು, ಹಗಲೂ ಚಿಕ್ಕದು. ಆ ತಿಂಗಳುಗಳಲ್ಲಿ ಅನುಭವ ಇಲ್ಲದವರು ಗೈಡ್ ಇಲ್ಲದೆ ಹೋಗಬೇಡಿ.

ಭಾನುವಾರ ಇಳಿದ ಮೇಲೆ ಖಾಲಿ ಬಾಟಲಿಗಳನ್ನು ಎಸೆಯಬೇಡಿ, ಕೊಂಡಾಗ ಕಟ್ಟಿದ 2–3 ಕ್ರೋನ್ ಠೇವಣಿ ತೆರೆದಿರುವ ಅಂಗಡಿಯ ಯಂತ್ರದಲ್ಲಿ ವಾಪಸ್ ಸಿಗುತ್ತದೆ. ಮಿಕ್ಕ ಗ್ಯಾಸನ್ನು ವಿಮಾನಕ್ಕೆ ಒಯ್ಯಲಾಗದು. ಬಸ್ ನಿಲ್ದಾಣದಲ್ಲಿ ಆಗ ತಾನೇ ಬೆಟ್ಟಕ್ಕೆ ಹೊರಟವರು ಸಿಗುತ್ತಾರೆ, ಅವರ ಕೈಗೆ ಕೊಡಿ.