ಬಾಗಿಲ ಪಕ್ಕದ ಬೆಂಚು ಖಾಲಿ ಇರಲಿ

ಇವತ್ತೂ ಮೊದಲ ಪೀರಿಯಡ್ ನಡುವೆ ಬಾಗಿಲಲ್ಲಿ ಅದೇ ದನಿ. "ಒಳಗೆ ಬರ್ಲಾ ಮಿಸ್?"
ಬಸ್ಸು ಲೇಟು.

ಅಲ್ಲೇ ನಿಲ್ಲಿಸಿ ಕಾರಣ ಕೇಳೋಕೆ ಹೋದ್ರೆ 2 ನಿಮಿಷ ಹೋಯ್ತು. ಉಳಿದ ಮಕ್ಕಳ ಗಮನವೂ ಹೋಯ್ತು, ಲೆಕ್ಕ ಬೋರ್ಡಿನ ಮೇಲೆ ಅರ್ಧಕ್ಕೇ ನಿಂತಿತು.

ಬಾಗಿಲ ಪಕ್ಕದ ಬೆಂಚು ಖಾಲಿ ಇಡಿ, ಲೇಟಾದವರು ಕೇಳದೆ ಬಂದು ಕೂರಲಿ. ಬೋರ್ಡಿನ ಎಡಮೂಲೆಯಲ್ಲಿ ಪಾಠದ ಹೆಸರು, ಪುಟ, ಈಗ ಬಿಡಿಸ್ತಿರೋ ಲೆಕ್ಕದ ನಂಬರು ಬರೆದು ಅಳಿಸದೆ ಬಿಡಿ. ಅಷ್ಟಿದ್ರೆ ಪಕ್ಕದವರನ್ನ ಕೇಳೋ ಪಿಸುಪಿಸು ಇರಲ್ಲ. ಮೊದಲ 5 ನಿಮಿಷ ಹೊಸದು ಶುರು ಮಾಡಬೇಡಿ, ನಿನ್ನೆಯ ಎರಡು ಲೆಕ್ಕ ಸಾಕು.

ಕಾರಣ ಕೇಳೋದು ಪೀರಿಯಡ್ ಮುಗಿದ ಮೇಲೆ, ಒಬ್ಬರನ್ನೇ ಕರೆದು. ಬಂದ ಸಮಯ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ರೆ ವಾರದಲ್ಲೇ ಗೊತ್ತಾಗುತ್ತೆ. ಒಂದೇ ಊರಿನ ಮಕ್ಕಳೆಲ್ಲ ಒಟ್ಟಿಗೆ ಲೇಟಾದ್ರೆ ಅದು ಬಸ್ಸಿನ ಸಮಸ್ಯೆ, ಎಸ್‌ಡಿಎಂಸಿಯಿಂದ (ಶಾಲೆಯ ಅಭಿವೃದ್ಧಿ ಸಮಿತಿ) ಬಸ್ ಡಿಪೋಗೆ ಅರ್ಜಿ ಹೋಗಲಿ. ಒಬ್ಬಳೇ ದಿನಾ ಲೇಟಾದ್ರೆ ಮನೇಲಿ ಏನೋ ಇದೆ. ಡೇರಿಗೆ ಹಾಲು ಹಾಕಿ, ತಮ್ಮನ್ನ ಅಂಗನವಾಡಿಗೆ ಬಿಟ್ಟು ಬರ್ತಿರಬಹುದು. ಅಪ್ಪ ಅಮ್ಮನ ಹತ್ತಿರ ಮಾತಾಡಿ.

ಹೊರಗೆ ನಿಲ್ಲಿಸಿ ಅವಮಾನ ಮಾಡೋದಂತೂ ಬೇಡವೇ ಬೇಡ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.