ಹೆಸರಿನ ಅರ್ಥ ಕೇಳುವವರಿಗೆ

ಇಪ್ಪತ್ತು ವರ್ಷಗಳಿಂದ ಮೈಸೂರಿನಲ್ಲಿ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನು ಕಲಿಸುತ್ತಿರುವ ನನಗೆ ವ್ಯಾಕರಣದ ಪ್ರಶ್ನೆಗಳಿಗಿಂತ ಹೆಚ್ಚಾಗಿ ಎದುರಾದ ಪ್ರಶ್ನೆ “ಈ ಹೆಸರಿನ ಅರ್ಥವೇನು?” ಎಂಬುದು. ಹೊರದೇಶದಲ್ಲಿರುವ ಮಗಳಿಗೆ ಮಗುವಾದಾಗ ತಾತಂದಿರು ಕೇಳುತ್ತಾರೆ. ಕಚೇರಿಗೆ ಹೊಸ ಮೇಲಧಿಕಾರಿ ಬಂದಾಗ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ನನ್ನ ವೃತ್ತಿ ತಿಳಿದ ಕೂಡಲೇ ಕೇಳುತ್ತಾರೆ. ಮೊದಮೊದಲು ಸಂತೋಷದಿಂದ ಉತ್ತರಿಸುತ್ತಿದ್ದೆ. ಈಗ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳುವವರಿಗೆಲ್ಲ ಇದೇ ನನ್ನ ಉತ್ತರ.

ಕೇಳಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಕೇಳುವ ರೀತಿ ನನ್ನನ್ನು ಕೆರಳಿಸುತ್ತದೆ. “ಉದ್ದಕ್ಕೆ ಬೇಡ, ಒಂದೇ ಮಾತಿನಲ್ಲಿ ಹೇಳಿಬಿಡಿ” ಎನ್ನುತ್ತಾರೆ. ಪ್ರಕಾಶ, ವಿನಯ, ಸುಮಾ ಎಂಬ ಹೆಸರುಗಳನ್ನು ಕೇಳಿ ಬೆಳೆದ ನಮಗೆ ಹೆಸರೆಂದರೆ ಅದರ ಅರ್ಥವೂ ಕೂಡಲೇ ಕಿವಿಗೆ ಬೀಳಬೇಕು ಎಂಬ ರೂಢಿ ಇದೆ. ಯುರೋಪಿನ ಬಹುಪಾಲು ಹೆಸರುಗಳ ಅರ್ಥ ಅದನ್ನು ಇಟ್ಟ ತಂದೆತಾಯಿಗೇ ತಿಳಿಯದ ಭಾಷೆಯಲ್ಲಿರುತ್ತದೆ. ಮಗನಿಗೆ ಫಿಲಿಪ್ ಎಂದು ಹೆಸರಿಡುವ ಫ್ರಾನ್ಸಿನ ತಾಯಿ ಅದು ಗ್ರೀಕ್ ಭಾಷೆಯಲ್ಲಿ ‘ಕುದುರೆಗಳನ್ನು ಪ್ರೀತಿಸುವವನು’ ಎಂದಾಗುತ್ತದೆ ಎಂಬುದನ್ನು ಯೋಚಿಸಿರುವುದಿಲ್ಲ; ಅವಳ ಮನಸ್ಸಿನಲ್ಲಿ ಇರುವುದು ತನ್ನ ಅಣ್ಣನೋ, ಅಜ್ಜನೋ, ಊರಿನ ಚರ್ಚಿನ ಸಂತನೋ ಆಗಿರುತ್ತದೆ. ಅಂಥ ಹೆಸರನ್ನು ತಂದು ನನ್ನ ಮುಂದಿಟ್ಟು ಒಂದೇ ಮಾತು ಕೇಳಿದರೆ, ನಾನು ಕೊಡುವ ಉತ್ತರ ನಿಘಂಟಿಗೆ ಸರಿಯಾಗಿದ್ದರೂ ಆ ಮನುಷ್ಯರಿಗೆ ಸರಿಯಾಗಿರುವುದಿಲ್ಲ.

ಒಮ್ಮೆ ಹಾಗೆ ಕೇಳಿದಂತೆಯೇ ಉತ್ತರ ಕೊಟ್ಟೆ. ಅದರ ನೋವು ನನಗೆ ಇನ್ನೂ ಇದೆ. ನಮ್ಮ ಬೀದಿಯಲ್ಲೇ ಇದ್ದ, ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಮಗ ಜರ್ಮನಿಯಲ್ಲಿ ಓದುತ್ತಿದ್ದಾಗ ಅಲ್ಲಿಯ ಹುಡುಗಿಯೊಬ್ಬಳನ್ನು ಮದುವೆಯಾಗಲು ನಿಶ್ಚಯಿಸಿದ. ದೊಡ್ಡಮ್ಮ ಒಂದು ಸಂಜೆ ಬಂದು, “ಕ್ಲೌಡಿಯಾ ಅಂದ್ರೆ ಏನಮ್ಮಾ ಅರ್ಥ? ಒಂದೇ ಮಾತಲ್ಲಿ ಹೇಳು, ನಾಳೆ ನಮ್ಮ ಅಕ್ಕನಿಗೂ ಹೇಳಬೇಕು” ಎಂದರು. ನನ್ನ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇತ್ತು. ತಲೆ ಎತ್ತದೆಯೇ, “ಲ್ಯಾಟಿನ್ನಿನ ‘ಕ್ಲೌಡುಸ್’ ಎಂಬ ಪದದಿಂದ ಬಂದದ್ದು ದೊಡ್ಡಮ್ಮ, ಕುಂಟ ಎಂದು ಅರ್ಥ” ಎಂದುಬಿಟ್ಟೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಎರಡು ದಿನ ಕಳೆದ ಮೇಲೆ ಮಗನಿಗೆ ಫೋನ್ ಮಾಡಿ, ಹುಡುಗಿಯ ಕಾಲಿಗೆ ಏನಾದರೂ ತೊಂದರೆ ಇದೆಯೇ, ಇದ್ದರೆ ಮುಚ್ಚಿಡಬೇಡ, ಇದ್ದರೂ ನನಗೇನೂ ಬೇಸರವಿಲ್ಲ ಎಂದು ಅತ್ತರಂತೆ. ಆ ಹುಡುಗ ಒಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ.

ನಾನು ಸುಳ್ಳು ಹೇಳಿರಲಿಲ್ಲ. ಹೆಸರುಗಳ ಯಾವ ಪಟ್ಟಿಯನ್ನು ತೆರೆದರೂ ಕ್ಲೌಡಿಯಾ ಎಂಬುದರ ಮುಂದೆ ಸಾಮಾನ್ಯವಾಗಿ ಕಾಣುವುದು ಅದೇ ಮಾತು. ಆದರೆ ಅದು ಎಷ್ಟು ಅರೆಬರೆ ಎಂಬುದು ನನಗೆ ಗೊತ್ತಿದ್ದೂ ಹೇಳದೆ ಹೋದೆನಲ್ಲ, ಅದು ನನ್ನ ತಪ್ಪು. ಆ ಸಂಜೆ ಹೇಳಬೇಕಾಗಿದ್ದದ್ದನ್ನು ಈಗಲಾದರೂ ಹೇಳುತ್ತೇನೆ.

ಕ್ಲೌಡಿಯಸ್ ಎಂಬುದು ರೋಮಿನಲ್ಲಿ ವ್ಯಕ್ತಿಯ ಹೆಸರಾಗಿರಲಿಲ್ಲ, ಒಂದು ಮನೆತನದ ಹೆಸರಾಗಿತ್ತು. ಆ ಮನೆತನದ ಮೂಲಪುರುಷ ಅಟ್ಟಿಯಸ್ ಕ್ಲೌಸುಸ್ ಎಂಬ ಸಬೈನ್ ಜನಾಂಗದವನೆಂದೂ, ಕ್ರಿ.ಪೂ. 504ರ ಸುಮಾರಿನಲ್ಲಿ ತನ್ನ ಪರಿವಾರದೊಡನೆ ರೋಮಿಗೆ ವಲಸೆ ಬಂದು ಅಪ್ಪಿಯಸ್ ಕ್ಲೌಡಿಯಸ್ ಎಂದು ಕರೆಸಿಕೊಂಡನೆಂದೂ ಇತಿಹಾಸಕಾರ ಲಿವಿ ಬರೆದಿದ್ದಾನೆ. ಆ ಮಾತನ್ನು ನಂಬುವುದಾದರೆ ಹೆಸರು ಬಂದದ್ದು ಬೇರೆ ಜನರ ನುಡಿಯಿಂದ. ಲ್ಯಾಟಿನ್ನಿನ ‘ಕುಂಟ’ ಎಂಬ ಪದದೊಡನೆ ಇರುವುದು ಬರಿಯ ಧ್ವನಿಸಾಮ್ಯವೂ ಆಗಿರಬಹುದು. ಕ್ರಿ.ಶ. 41ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಕ್ಲೌಡಿಯಸ್ ನಿಜವಾಗಿಯೂ ಕುಂಟುತ್ತಿದ್ದ, ಆದರೆ ಅವನು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಆ ಹೆಸರು ಆ ಮನೆಯಲ್ಲಿತ್ತು.

ಮುಂದೆ ಆ ಹೆಸರನ್ನು ಉಳಿಸಿದವರು ರೋಮಿನವರಲ್ಲ, ಸಂತರು. ಕ್ಲೌಡಿಯಸ್ ಫ್ರೆಂಚಿನಲ್ಲಿ ಕ್ಲೋದ್ ಆಗುತ್ತದೆ. ಏಳನೆಯ ಶತಮಾನದಲ್ಲಿ ಫ್ರಾನ್ಸಿನ ಬೆಸಾಂಸೋನ್ ಎಂಬಲ್ಲಿ ಬಿಷಪ್ಪನಾಗಿದ್ದನೆನ್ನಲಾದ ಸಂತ ಕ್ಲೋದನ ಸಮಾಧಿ ಜ್ಯೂರಾ ಬೆಟ್ಟಗಳ ನಡುವೆ ಇತ್ತು, ಅಲ್ಲಿಗೆ ಜನ ಹರಕೆ ಹೊತ್ತು ಹೋಗುತ್ತಿದ್ದರು. ಫ್ರಾನ್ಸಿನ ರಾಣಿ ಬ್ರಿಟನಿಯ ಆನ್ ಆ ಸಂತನಿಗೆ ಹರಕೆ ಹೊತ್ತು 1499ರಲ್ಲಿ ಹೆತ್ತ ಮಗಳಿಗೆ ಕ್ಲೋದ್ ಎಂದೇ ಹೆಸರಿಟ್ಟಳು. ಮುಂದೆ ರಾಣಿಯಾದ ಆ ಮಗಳ ಹೆಸರಿನಲ್ಲಿ ಫ್ರಾನ್ಸಿನವರು ಒಂದು ಜಾತಿಯ ಹಸಿರು ಪ್ಲಮ್ ಹಣ್ಣನ್ನು ಇಂದಿಗೂ ‘ರೆನ್ ಕ್ಲೋದ್’, ಅಂದರೆ ಕ್ಲೋದ್ ರಾಣಿ ಎಂದು ಕರೆಯುತ್ತಾರೆ. 1546ರಲ್ಲಿ ಕ್ರೈಸ್ತ ಧರ್ಮಸುಧಾರಕ ಕ್ಯಾಲ್ವಿನ್‌ನ ಜಿನೀವಾದಲ್ಲಿ ಒಬ್ಬ ಕ್ಷೌರಿಕ ತನ್ನ ಮಗನಿಗೆ ಕ್ಲೋದ್ ಎಂದು ಹೆಸರಿಡಬೇಕೆಂದು ಜ್ಞಾನಸ್ನಾನಕ್ಕೆ ತಂದಾಗ, ಪಾದ್ರಿ ಅವನನ್ನು ಕೇಳದೆಯೇ ಅಬ್ರಹಾಂ ಎಂದು ಹೆಸರಿಟ್ಟುಬಿಟ್ಟ. ಊರಿನಲ್ಲಿ ಗಲಭೆಯೇ ಎದ್ದಿತು, ಆ ವರ್ಷವೇ ನಿಷೇಧಿಸಿದ ಹೆಸರುಗಳ ಪಟ್ಟಿಯೂ ಬಂದಿತು. ಹರಕೆಯ ಸಂತನ ಹೆಸರು ಮೂಢನಂಬಿಕೆಯನ್ನು ಬೆಳೆಸುತ್ತದೆ ಎಂಬುದು ಪಾದ್ರಿಗಳ ವಾದ; ಅದು ನಮ್ಮ ಮನೆಗಳಲ್ಲಿ ನಡೆದುಬಂದ ಹೆಸರು ಎಂಬುದು ಊರಿನವರ ಹಟ. ಕುಂಟುತನಕ್ಕೂ ಆ ಜಗಳಕ್ಕೂ ಸಂಬಂಧವೇ ಇರಲಿಲ್ಲ. ನಾನು ದೊಡ್ಡಮ್ಮನಿಗೆ ಕೊಟ್ಟ ಒಂದು ಮಾತಿನ ಉತ್ತರದಲ್ಲಿ ಹಣ್ಣು, ಹರಕೆ, ಹಟ ಯಾವುದೂ ಇರಲಿಲ್ಲ.

ನಮ್ಮಲ್ಲಿಯೂ ಹುಚ್ಚಪ್ಪ, ತಿಪ್ಪಯ್ಯ, ಗುಂಡಮ್ಮ ಎಂಬ ಹೆಸರುಗಳಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಈ ಒಂದಾದರೂ ಉಳಿಯಲಿ, ಕಣ್ಣು ಬೀಳದಿರಲಿ ಎಂದು ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಕರೆದರು. ಆ ಹೆಸರಿಗೆ ‘ಕಸದ ರಾಶಿ’ ಎಂದು ಅರ್ಥ ಬರೆದು ಯಾರಾದರೂ ಹೊರದೇಶದ ಪಟ್ಟಿಯಲ್ಲಿ ಅಚ್ಚು ಹಾಕಿಸಿದರೆ ನಮಗೆ ಕೋಪ ಬರುವುದಿಲ್ಲವೇ? ಅದೇ ಕೋಪವನ್ನು ಇನ್ನೊಬ್ಬರ ಹೆಸರಿನ ವಿಷಯದಲ್ಲಿಯೂ ಇಟ್ಟುಕೊಳ್ಳಬೇಕು ಎಂದಷ್ಟೇ ನಾನು ಕೇಳುತ್ತಿರುವುದು.

“ಆದರೆ ಜರ್ಮನ್ ಹೆಸರುಗಳಿಗೆ ನೇರವಾದ ಅರ್ಥ ಇದೆಯಲ್ಲ, ಫ್ರೀಡ್ರಿಖ್ ಎಂದರೆ ಶಾಂತಿಯ ಅರಸ ಅಲ್ಲವೇ?” ಎಂದು ಸ್ವಲ್ಪ ಓದಿಕೊಂಡವರು ವಾದಿಸುತ್ತಾರೆ. ಹೆಸರಿನಲ್ಲಿ ಶಾಂತಿ ಇದೆ, ಅರಸನೂ ಇದ್ದಾನೆ, ಒಪ್ಪಿದೆ. ಆದರೆ ಪ್ರಾಚೀನ ಜರ್ಮಾನಿಕ್ ಜನರು ಎರಡು ತುಂಡುಗಳನ್ನು ಸೇರಿಸಿ ಹೆಸರು ಕಟ್ಟುವಾಗ ಅವೆರಡೂ ಸೇರಿ ಒಂದು ಅರ್ಥವಾಗಲೇಬೇಕೆಂದು ನೋಡುತ್ತಿರಲಿಲ್ಲ. ಹಿಲ್ಡೆಗುಂಡ್ ಎಂಬ ಹೆಣ್ಣಿನ ಹೆಸರಿನಲ್ಲಿ ಹಿಲ್ಡ್ ಎಂದರೂ ಯುದ್ಧ, ಗುಂಡ್ ಎಂದರೂ ಯುದ್ಧ. ಇಂಗ್ಲೆಂಡಿನ ವುಸ್ಟರ್ ಎಂಬಲ್ಲಿ ಬಿಷಪ್ಪನಾಗಿದ್ದು 1095ರಲ್ಲಿ ತೀರಿಕೊಂಡ ವುಲ್ಫ್‌ಸ್ಟಾನ್ ಎಂಬವನ ಹೆಸರನ್ನು ಬಿಡಿಸಿದರೆ ತೋಳ ಮತ್ತು ಕಲ್ಲು ಸಿಗುತ್ತವೆ. ತೋಳಗಲ್ಲು ಎಂದರೇನು ಎಂದು ಎಷ್ಟು ತಲೆ ಕೆಡಿಸಿಕೊಂಡರೂ ಫಲವಿಲ್ಲ. ಅವನ ತಾಯಿಯ ಹೆಸರು ವುಲ್ಫ್‌ಗಿಫು; ತಂದೆಯ ಹೆಸರು ‘ಸ್ಟಾನ್’ ಎಂದು ಕೊನೆಗೊಳ್ಳುತ್ತಿತ್ತು. ತಾಯಿಯಿಂದ ತೋಳವನ್ನೂ ತಂದೆಯಿಂದ ಕಲ್ಲನ್ನೂ ತೆಗೆದುಕೊಂಡು ಮಗನಿಗೆ ಇಟ್ಟರು ಎಂದು ಅವನ ಚರಿತ್ರೆ ಬರೆದವರೇ ಹೇಳುತ್ತಾರೆ. ಈ ಮಗು ನಮ್ಮಿಬ್ಬರದು ಎಂಬುದೇ ಆ ಹೆಸರಿನ ಅರ್ಥ, ಅದನ್ನು ಯಾವ ನಿಘಂಟಿನಲ್ಲಿ ಹುಡುಕುತ್ತೀರಿ?

ನಾನು ಬಯಸುವ ಪ್ರಶ್ನೆ ಬೇರೆ. ‘ಈ ಹೆಸರು ಯಾರಿಂದ ಯಾರಿಗೆ ಬಂತು?’ ಎಂದು ಕೇಳಿ. ಹಾಗೆ ಕೇಳಿದವರಿಗೆ ಒಂದು ಸಂಜೆಯನ್ನೇ ಕೊಡಲು ನಾನು ಸಿದ್ಧ. ನಾವೆಲ್ಲ ಬಲ್ಲ ಒಂದು ಹೆಸರನ್ನೇ ತೆಗೆದುಕೊಳ್ಳಿ: 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್. ಫರ್ಡಿನಾಂಡ್ ಎಂಬುದರ ಎರಡನೆಯ ಭಾಗ ಧೈರ್ಯವನ್ನು ಸೂಚಿಸುತ್ತದೆ. ಮೊದಲ ಭಾಗ ಪಯಣವೋ ಶಾಂತಿಯೋ ಎಂದು ವಿದ್ವಾಂಸರಲ್ಲಿ ಚರ್ಚೆ ಇದೆ. ಅರ್ಥದ ಮಾತು ಇಲ್ಲಿಗೆ ಮುಗಿಯಿತು. ಹೆಸರು ನಡೆದ ದಾರಿಯಾದರೋ ಬಹಳ ದೂರದ್ದು. ಪದಗಳು ಜರ್ಮಾನಿಕ್ ಆದರೂ ಹೆಸರು ಬೆಳೆದದ್ದು ಐದನೆಯ ಶತಮಾನದಲ್ಲಿ ವಿಸಿಗೋಥ್ ಎಂಬ ಜರ್ಮಾನಿಕ್ ಜನರು ಹೋಗಿ ನೆಲೆಸಿದ ಸ್ಪೇನಿನಲ್ಲಿ. ಅವರ ಭಾಷೆ ಅಲ್ಲಿ ಅಳಿದುಹೋಯಿತು, ಹೆಸರುಗಳು ಉಳಿದವು. ಕ್ಯಾಸ್ಟೀಲ್ ಮತ್ತು ಆರಗಾನ್ ರಾಜ್ಯಗಳ ಅರಸರು ತಲೆತಲಾಂತರದಿಂದ ಫೆರ್ನಾಂದೊ ಎನಿಸಿಕೊಂಡರು. 1503ರಲ್ಲಿ ಸ್ಪೇನಿನ ಅಲ್ಕಾಲಾದಲ್ಲಿ ಹುಟ್ಟಿದ ರಾಜಕುಮಾರನಿಗೆ ತಾಯಿಯ ತಂದೆಯಾದ ಆರಗಾನಿನ ಅರಸನ ಹೆಸರನ್ನು ಇಟ್ಟರು. ಅವನು ಬೆಳೆದು ಆಸ್ಟ್ರಿಯಾವನ್ನು ಆಳಲು ಹೋದ, ಮುಂದೆ ಚಕ್ರವರ್ತಿಯೂ ಆದ. ಅವನ ಮೂಲಕ ಆ ಹೆಸರು ಜರ್ಮನ್ ಮಾತನಾಡುವ ನಾಡುಗಳಲ್ಲಿ ಹರಡಿತು. ಸಾವಿರ ವರ್ಷ ಹೊರಗಿದ್ದು ತವರಿಗೆ ಮರಳಿದ ಆ ಹೆಸರೇ 1832ರಲ್ಲಿ ಉತ್ತರ ಜರ್ಮನಿಯ ಕಡಲಂಚಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಕಿಟೆಲ್‌ಗೆ ಬಂತು.

ಇಷ್ಟರಿಂದಲೇ ನನಗೆ ತೃಪ್ತಿಯಿಲ್ಲ, ಏಕೆಂದರೆ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ನಮ್ಮ ನಾಡಿಗೆ ಬರುವ ಎಷ್ಟೋ ಮೊದಲೇ ಅವರ ಹೆಸರು ಮಂಗಳೂರಿನಲ್ಲಿ ಇತ್ತು. ಫೆರ್ನಾಂದೊನ ಮಗ ಎಂಬುದಕ್ಕೆ ಪೋರ್ಚುಗೀಸರು ಫೆರ್ನಾಂದಿಸ್ ಎನ್ನುತ್ತಾರೆ. ಗೋವೆಯಿಂದ ಘಟ್ಟದ ಕೆಳಗಿನ ಊರುಗಳಿಗೆ ವಲಸೆ ಬಂದ ಕ್ರೈಸ್ತ ಕುಟುಂಬಗಳು ಆ ಅಡ್ಡಹೆಸರನ್ನು ಹೊತ್ತು ತಂದಿದ್ದವು. ಒಂದೇ ಹೆಸರು ಕಡಲ ದಾರಿಯಲ್ಲಿ ಲಿಸ್ಬನ್ನಿನಿಂದ ಗೋವೆಗೆ ಬಂದು ಮನೆತನದ ಹೆಸರಾಗಿ, ವಿಯೆನ್ನಾದ ದಾರಿ ಹಿಡಿದು ಒಬ್ಬ ಮಿಶನರಿಯ ಹೆಸರಾಗಿ, ಕರಾವಳಿಯ ಒಂದೇ ಊರಿನಲ್ಲಿ ಎದುರುಬದುರಾಯಿತು. ಇದನ್ನು ಮೊದಲ ಬಾರಿ ಜೋಡಿಸಿ ನೋಡಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇಂಥ ದಾರಿಗಳು ನಮ್ಮ ಕನ್ನಡದಲ್ಲಿಯೇ ಇನ್ನೂ ಇವೆ. ಹೀಬ್ರೂವಿನ ಯೋಹಾನಾನ್ ಎಂಬ ಹೆಸರು ಬೈಬಲ್ಲಿನ ಅನುವಾದದ ಮೂಲಕ ಬಂದು ಯೋಹಾನನಾಯಿತು, ಪೋರ್ಚುಗೀಸರ ಮೂಲಕ ಬಂದು ಕೊಂಕಣಿಯ ಜುವಾಂವ್ ಆಯಿತು, ಇಂಗ್ಲಿಷರ ಮೂಲಕ ಜಾನ್ ಆಯಿತು, ಅರಬ್ಬಿಯ ಮೂಲಕ ಯಾಹ್ಯಾ ಆಯಿತು. ರಷ್ಯದ ಇವಾನ್, ಜರ್ಮನಿಯ ಹಾನ್ಸ್, ಐರ್ಲೆಂಡಿನ ಶಾನ್ ಎಲ್ಲರೂ ಅದೇ ಮನೆಯ ಮಕ್ಕಳು. ದೇವರು ದಯೆ ತೋರಿದನು ಎಂಬ ಮೂಲದ ಅರ್ಥ ಎಲ್ಲಕ್ಕೂ ಒಂದೇ. ಹಾಗಿದ್ದ ಮೇಲೆ, ಅರ್ಥ ಒಂದನ್ನೇ ಹೇಳಿ ಸುಮ್ಮನಾದರೆ ಜುವಾಂವ್ ಯಾರು, ಇವಾನ್ ಯಾರು ಎಂಬುದರಲ್ಲಿ ಏನು ತಿಳಿದಂತಾಯಿತು?

ಅರ್ಥವನ್ನೇ ನೋಡಿ ಇಟ್ಟ ಹೆಸರುಗಳೂ ಯುರೋಪಿನಲ್ಲಿ ಇವೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಹದಿನೇಳು, ಹದಿನೆಂಟನೆಯ ಶತಮಾನದ ಭಕ್ತಿಪಂಥದ ಜರ್ಮನರು ಮಕ್ಕಳಿಗೆ ಟ್ರೌಗಾಟ್, ಅಂದರೆ ‘ದೇವರನ್ನು ನಂಬು’ ಎಂದು ತಮ್ಮ ಭಾಷೆಯಲ್ಲೇ ಹೆಸರಿಟ್ಟರು. ಸಂಗೀತಗಾರ ಮೋಟ್ಸಾರ್ಟ್‌ಗೆ 1756ರಲ್ಲಿ ಜ್ಞಾನಸ್ನಾನ ಮಾಡಿಸುವಾಗ ಬರೆಸಿದ ಗ್ರೀಕ್ ಮೂಲದ ಥಿಯೋಫಿಲಸ್ ಎಂಬ ಹೆಸರನ್ನು ಅವನ ತಂದೆ ಜರ್ಮನ್ನಿನಲ್ಲಿ ಗಾಟ್‌ಲೀಬ್ ಎಂದರು. ಮಗ ತನ್ನನ್ನು ಅಮಾದೇ ಎಂದು ಕರೆದುಕೊಂಡ. ಎಲ್ಲದರಲ್ಲೂ ದೇವರೂ ಪ್ರೀತಿಯೂ ಜೊತೆಗಿವೆ. ಗ್ರೀಕರ ಥಿಯೋಡೋರ್, ಸ್ಲಾವ್ ಜನರ ಬೊಗ್ದಾನ್, ನಮ್ಮ ದೇವದತ್ತ ಮೂವರೂ ದೇವರು ಕೊಟ್ಟ ಮಕ್ಕಳೇ. ಗ್ರೀಕಿನ ‘ದೋರೋನ್’, ಸ್ಲಾವ್‌ನ ‘ದಾನ್’, ಸಂಸ್ಕೃತದ ‘ದತ್ತ’ ಒಂದೇ ಧಾತುವಿನಿಂದ ಹುಟ್ಟಿದವು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ವರ್ಷವೂ ಹೊಸದಾಗಿ ಸಂತೋಷವಾಗುತ್ತದೆ.

ಮದುವೆಯಾದ ಮೇಲೆ ಕ್ಲೌಡಿಯಾ ಮೊದಲ ಸಲ ಮೈಸೂರಿಗೆ ಬಂದಾಗ ದೊಡ್ಡಮ್ಮ ನನ್ನನ್ನು ಮತ್ತೆ ಕರೆಸಿದರು, ಮಾತು ದಾಟಿಸಲು ಯಾರಾದರೂ ಬೇಕಾಗಿತ್ತು. ಹಳೆಯ ಮಾತಿನ ಅಳುಕಿನಲ್ಲಿ ನಾನು ಮೂಲೆಯಲ್ಲಿ ಕುಳಿತಿದ್ದೆ. ಅವರು ಅರ್ಥದ ಸುದ್ದಿಗೇ ಹೋಗಲಿಲ್ಲ. “ನಿನಗೆ ಈ ಹೆಸರು ಇಟ್ಟೋರು ಯಾರು ಅಂತ ಕೇಳಮ್ಮ” ಎಂದರು. ತನ್ನ ತಂದೆ ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದರೆಂದೂ, ಅವರನ್ನು ಎತ್ತಿ ಬೆಳೆಸಿದ ಅಕ್ಕನ ಹೆಸರು ಕ್ಲೌಡಿಯಾ ಎಂದೂ ಅವಳು ಹೇಳಿದಳು. ನಾನು ಅದನ್ನು ಕನ್ನಡಕ್ಕೆ ತಂದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಹೆಸರು ಸಾಕಮ್ಮ ಅಂತ ಹೇಳು” ಎಂದರು. “ನಾಲ್ಕನೇದೂ ಹೆಣ್ಣಾಯ್ತು, ಇನ್ನು ಸಾಕು ಅಂತ ನಮ್ಮಜ್ಜಿ ಇಟ್ಟರಂತೆ. ನಮ್ಮಪ್ಪ ಮಾತ್ರ, ಹಾಗಲ್ಲ, ಚೆನ್ನಾಗಿ ಸಾಕು ಅಂತ ನಿಮ್ಮಜ್ಜಿ ನನಗೆ ಹೇಳಿದ್ದು, ಅಂತಿದ್ದರು.”

ಜರ್ಮನ್ನಿನಲ್ಲಿ ಇವೆರಡಕ್ಕೂ ಒಂದೇ ಶಬ್ದವಿಲ್ಲ. ನಾನು ಎರಡು ಶಬ್ದಗಳನ್ನೂ ಹೇಳಿ, ಕನ್ನಡದಲ್ಲಿ ಅವೆರಡೂ ಹೇಗೆ ಒಂದೇ ಮಾತಾಗುತ್ತವೆ ಎಂಬುದನ್ನು ಬಿಡಿಸಿ ಹೇಳುವಷ್ಟರಲ್ಲಿ ಬಹಳ ಹೊತ್ತಾಯಿತು. ಆ ಸಲ ಅವಸರಪಡಲಿಲ್ಲ.