ಚೈನ್ ಬದಲಾಯಿತು, ಸ್ಪ್ರಿಂಗ್ ಉಳಿಯಿತು

ಮಾರ್ಚ್ 17, 2024, ಭಾನುವಾರ

ಇಡೀ ದಿನ ಕಾರಿನ ಎಂಜಿನ್ನಿನ ಟೈಮಿಂಗ್ ಚೈನ್ ಬದಲಿಸುವುದರಲ್ಲೇ ಕಳೆಯಿತು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ, ಗಾಳಿ-ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಕ್ಯಾಮನ್ನು ತಿರುಗಿಸುವ ಚೈನ್ ಅದು. ಸೋಪು ಹಾಕಿ ಎರಡು ಸಲ ತೊಳೆದರೂ ಕೈಗಂಟಿದ ಆಯಿಲ್ ವಾಸನೆ ಹೋಗಿಲ್ಲ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮುಂದುಗಡೆಯಿಂದ ಗರಗರ ಸದ್ದು. ಮೂರು ತಿಂಗಳಿಂದ ಕೇಳುತ್ತಿದ್ದೆ. ಟೆನ್ಷನರ್ ಚೈನನ್ನು ಒತ್ತಿ ಹಿಡಿಯೋದು ಆಯಿಲ್ ಒತ್ತಡದಿಂದ. ಆ ಒತ್ತಡ ಏರುವ ತನಕ ಚೈನ್ ಸಡಿಲವಾಗಿ ಗೈಡಿಗೆ, ಅಂದರೆ ಅದು ಜಾರುವ ದಾರಿಯ ಪಟ್ಟಿಗೆ, ಬಡಿಯುತ್ತದೆ. ಮೊದಮೊದಲು ಎರಡೇ ಸೆಕೆಂಡ್ ಇದ್ದ ಸದ್ದು ಕಳೆದ ವಾರ ಹತ್ತು ಸೆಕೆಂಡ್ ದಾಟಿತು. ಮೇಲಿಂದ ಚೆಕ್ ಎಂಜಿನ್ ಲೈಟ್. ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಪಿ0016. ಅಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದೆ. ಸೆನ್ಸರ್ ಕೆಟ್ಟರೂ ಈ ಕೋಡ್ ಬರಬಹುದು. ಆದರೆ ಸದ್ದೂ ಕೋಡೂ ಒಟ್ಟಿಗೆ ಬಂದಾಗ ನಾನಂತೂ ಕಾಯುವುದಿಲ್ಲ. ಚೈನ್ ತನ್ನ ಹಲ್ಲುಚಕ್ರದ (ಸ್ಪ್ರಾಕೆಟ್) ಮೇಲೆ ಒಂದು ಹಲ್ಲು ದಾಟಿ ಜಾರಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ನೇರವಾಗಿ ವಾಲ್ವಿಗೆ ಹೊಡೆಯುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಚೈನಿನ ಬದಲು ಇರುವ ಬೆಲ್ಟಿಗಾದರೆ ಇಷ್ಟು ಕಿಲೋಮೀಟರ್‌ಗೆ ಬದಲಿಸಿ ಅಂತ ಲೆಕ್ಕ ಇರುತ್ತದೆ. ಚೈನಿಗೆ ಸಾಮಾನ್ಯವಾಗಿ ಆ ಲೆಕ್ಕ ಇರೋದಿಲ್ಲ. ಅದಕ್ಕೇ "ಚೈನ್ ಜೀವನಪೂರ್ತಿ ಬರುತ್ತೆ" ಅನ್ನೋ ಮಾತು ಹುಟ್ಟಿದ್ದು. ಆದರೆ ಅದು ಆಯಿಲ್ ಚೆನ್ನಾಗಿದ್ದರೆ ಮಾತ್ರ. ನನ್ನ ಕಾರಿನ ಹಳೇ ಮಾಲೀಕರು ಆಯಿಲ್ ಬದಲಾಯಿಸುವುದನ್ನು ತುಂಬಾ ತಡ ಮಾಡಿದ್ದರು. ಕವರ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಜಿಡ್ಡು.

ಹಳೇ ಚೈನ್, ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದೆ. ಹಳೆಯದು ಕಣ್ಣಿಗೆ ಕಾಣುವಷ್ಟು ಉದ್ದ! ಉಕ್ಕು ಹಿಗ್ಗಿದ್ದಲ್ಲ. ಒಂದೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದು, ಆ ಸವಕಲೆಲ್ಲ ಸೇರಿ ಇಷ್ಟು ಉದ್ದವಾಗಿದೆ. ಸ್ಪ್ರಾಕೆಟ್, ಗೈಡ್, ಟೆನ್ಷನರ್ ಎಲ್ಲವನ್ನೂ ಹೊಸದೇ ಹಾಕಿದೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹೋಗುತ್ತದೆ, ಅಲ್ವಾ?

ಒಂದು ಗೈಡಿನ ಪ್ಲಾಸ್ಟಿಕ್ ತುದಿಯೇ ಇರಲಿಲ್ಲ. ಎದೆ ಧಸಕ್ಕೆಂದಿತು. ಎಂಜಿನ್ ಕೆಳಗಿನ ಆಯಿಲ್ ತಟ್ಟೆ, ಅಂದರೆ ಸಂಪ್, ಇಳಿಸಿ ನೋಡಿದರೆ ಆ ಚೂರು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡು ಕೂತಿತ್ತು. ಇನ್ನೆರಡು ಚೂರು ಸೇರಿದ್ದರೆ ಎಂಜಿನ್ನಿಗೆ ಆಯಿಲೇ ಸಾಲುತ್ತಿರಲಿಲ್ಲ.

ಸ್ಟಾರ್ಟ್ ಮಾಡುವಾಗ ನೀಲಿ ಹೊಗೆಯೂ ಬರುತ್ತಿದ್ದರಿಂದ, ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಬದಲಿಸಬೇಕಿತ್ತು. ಅದಕ್ಕೆ ವಾಲ್ವ್ ಮುಚ್ಚುವ ಸ್ಪ್ರಿಂಗ್‌ಗಳು ಹೇಗೂ ಹೊರಗೆ ಬರಲೇಬೇಕು. ಜೊತೆಗಿದ್ದ ಗೆಳೆಯ "ಅವನ್ನೂ ಹೊಸದು ಹಾಕಿಬಿಡು" ಅಂದ. ಸುಮ್ನೆ ಯಾಕೆ? ಹದಿನಾರು ಸ್ಪ್ರಿಂಗ್‌ಗಳ ಉದ್ದವನ್ನೂ ವರ್ನಿಯರ್‌ನಲ್ಲಿ ಅಳೆದೆ. ಸಮತಟ್ಟಾದ ಜಾಗದ ಮೇಲೆ ನಿಲ್ಲಿಸಿ ಮೂಲೆಮಟ್ಟ ಹಿಡಿದು ವಾಲಿದೆಯಾ ನೋಡಿದೆ. ಆಮೇಲೆ ಟೆಸ್ಟರ್‌ನಲ್ಲಿ ಒತ್ತಿ ಬಲ ನೋಡಿದೆ. ಎಲ್ಲವೂ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಇದ್ದವು. ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿದ್ದಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅಷ್ಟು ಕೋಟಿ ಸಲ ಮಣಿದು ಎದ್ದರೂ ಬಲ ಕಳೆದುಕೊಳ್ಳದ ಆ ಪುಟ್ಟ ಸುರುಳಿಗಳ ಮೇಲೆ ನನಗೆ ನಿಜವಾಗಿ ಗೌರವ. ಜಾಸ್ತಿ ಸುತ್ತಿನಲ್ಲಿ ಇಂಧನ ಸರಿಯಾಗಿ ಉರಿಯದೆ ಮಿಸ್‌ಫೈರ್ ಬಂದಿದ್ದರೆ, ಒಂದಾದರೂ ಕುಗ್ಗಿದ್ದರೆ, ಇಡೀ ಸೆಟ್ಟನ್ನೇ ಬದಲಿಸುತ್ತಿದ್ದೆ.

ಚೈನ್ ಮತ್ತು ಸ್ಪ್ರಾಕೆಟ್‌ಗಳ ಮೇಲಿನ ಗುರುತು ಕೂಡಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ಸ್ಪ್ರಾಕೆಟ್‌ಗಳ ಗುರುತುಗಳು ಮತ್ತೆ ಸರಿಯಾಗಿ ಬಂದು ನಿಂತವು. ಗ್ಯಾಸ್ಕೆಟ್ ಅಂಟು ಒಣಗಬೇಕು. ಆಯಿಲ್ ತುಂಬಿ ಸ್ಟಾರ್ಟ್ ಮಾಡೋದು ನಾಳೆ ಬೆಳಿಗ್ಗೆ.